ಗೌಡಶಾನಿ ಇಳಿಯುವ ಮೆಟ್ಟಿಲು

ಫೆಬ್ರುವರಿ 3, ಸೋಮವಾರ. ಮಧ್ಯಾಹ್ನ

ಮೊದಲ ಪಾಳಿ ಮುಗಿಸಿ ಬಂದೆ. ಬೆಕ್ಕನ್ನು ಇಳಿಸಿದೆ. ಅನ್ನಕ್ಕಿಟ್ಟೆ. ಬೆಕ್ಕನ್ನು ಇಳಿಸಿದೆ. ಹೆಂಡತಿ ನೀಲಾಳಿಗೆ ಜಡೆ ಹಾಕಿದೆ — ಸೊಟ್ಟ ಆಯಿತಂತೆ, ಬಿಚ್ಚಿ ಮತ್ತೆ ಹಾಕಿದೆ. ಅಷ್ಟರಲ್ಲಿ ಬೆಕ್ಕು ಮತ್ತೆ ಮೇಲೆ.

ಈ ಮನೆಯಲ್ಲಿ ಈಗ ನನ್ನ ಹುದ್ದೆ ಲಿಫ್ಟ್ ಆಪರೇಟರ್. ಮಿಲ್ಲಿನ ಬಾಯ್ಲರ್ ಕೆಲಸ ಸೈಡ್ ಬಿಸಿನೆಸ್ಸು.

ಗೌಡಶಾನಿಗೆ ಹನ್ನೆರಡು ವರ್ಷ. ಹೆಸರಿಟ್ಟವಳು ನೀಲಾ. ಮರಿಯಿದ್ದಾಗಲೇ ಆಳೆತ್ತರದ ತಿಜೋರಿಯ ನೆತ್ತಿಗೆ ಹತ್ತಿ ಕೂತು ಊರಗೌಡನ ಹೆಂಡತಿಯ ಗತ್ತಿನಲ್ಲಿ ನಮ್ಮಿಬ್ಬರನ್ನು ಆಳುಗಳ ಹಾಗೆ ನೋಡುತ್ತಿತ್ತಂತೆ, ಅದಕ್ಕೆ. ಹೊರಗೆ ಬಿಡುವ ಹಾಗಿಲ್ಲ, ದಾಂಡೇಲಿಯ ಅಂಬೇವಾಡಿಯ ಈ ಓಣಿಯಲ್ಲಿ ಮನುಷ್ಯರಿಗಿಂತ ನಾಯಿ ಜಾಸ್ತಿ. ಒಳಗೇ ಅದರ ರಾಜ್ಯ, ತಿಜೋರಿಯೇ ಸಿಂಹಾಸನ. ಈ ಚಳಿಗಾಲದಿಂದ ಹಿಂಗಾಲು ಹಿಡಿದುಕೊಂಡಿವೆ. ಕಿಟಕಿ ಸರಳು, ಪುಸ್ತಕದ ಶೆಲ್ಫು, ತಿಜೋರಿ — ಹೇಗೋ ಹತ್ತುತ್ತದೆ. ಇಳಿಯಲು ಬರುವುದಿಲ್ಲ. ಅಂಚಿಗೆ ಬಂದು ಕೂತು ಅಳುತ್ತದೆ. ಯಾರೂ ಬರದಿದ್ದರೆ ಧುಮುಕುತ್ತದೆ, ಆಮೇಲೆ ದಿನವಿಡೀ ಕುಂಟು.

ಸಂಕ್ರಾಂತಿಯ ಮರುದಿನ ಹೀಗೇ ಅತ್ತಿದೆ. ನಾನು ಡ್ಯೂಟಿಯಲ್ಲಿ. ನೀಲಾ ಸ್ಟೂಲು ಹತ್ತಿದ್ದಾಳೆ. ಸ್ಟೂಲು ಜಾರಿದೆ. ಬಲಗೈ ಮಣಿಕಟ್ಟು ಎರಡು ಕಡೆ ಮುರಿದು ಪ್ಲಾಸ್ಟರ್ ಮೊಣಕೈವರೆಗೆ.

ಬೆಕ್ಕಿಗೆ ಬಯ್ದರೆ ನನಗೇ ತಿರುಗಿ ಬಯ್ಯುತ್ತಾಳೆ. “ಕೈ ಮುರದದ್ದು ನಂದು. ಆಕಿಗ್ಯಾಕ ಬೈತೀರಿ?”

ಅನ್ನ ತಳ ಹತ್ತಿದ ವಾಸನೆ...

ಫೆಬ್ರುವರಿ 5, ಬುಧವಾರ. ಸಂಜೆ

ಇವತ್ತು ಬಾಗಿಲು ತೆಗೆದವನು ಬಾಗಿಲಲ್ಲೇ ನಿಂತುಬಿಟ್ಟೆ.

ನೀಲಾ ಸ್ಟೂಲಿನ ಮೇಲೆ ನಿಂತಿದ್ದಾಳೆ. ಪ್ಲಾಸ್ಟರ್ ಕೈ ಎದೆಗೆ ಒತ್ತಿ, ಎಡಗೈಯನ್ನು ತಿಜೋರಿಯ ಮೇಲೆ ಚಾಚಿ, ತುದಿಗಾಲಲ್ಲಿ. ಕೂಗಿದರೆ ಬೆಚ್ಚಿ ಬೀಳುತ್ತಾಳೆ. ಕೂಗದೆ ಹೋಗಿ ಸೊಂಟ ಹಿಡಿದೆ. ಇಳಿಸಿದ ಮೇಲೆ ಕೂಗಿದೆ. ಓಣಿಗೆಲ್ಲ ಕೇಳುವಷ್ಟು.

“ಒಂದು ಕೈ ಐತಲ್ರೀ ಇನ್ನೂ,” ಅಂದಳು.

“ಅದನ್ನೂ ಮುರಕೋ!”

“ಅಳಾಕತ್ತಿದ್ಲು. ಕೇಳ್ಕೊಂತ ಹೆಂಗ ಕುಂಡ್ರಲಿ? ನೀವಾದ್ರ ಬಾಯ್ಲರ್ ಸಪ್ಪಳದಾಗ ಇರ್ತೀರಿ.”

ನನಗೆ ಭಯವಾಗಿದೆ. ಇಲ್ಲಿ ಬರೆದುಬಿಡುತ್ತೇನೆ, ಬೇರೆ ಯಾರಿಗೆ ಹೇಳಲಿ. ಇವಳು ಮತ್ತೆ ಹತ್ತುತ್ತಾಳೆ. ಬೆಕ್ಕು ಅತ್ತಾಗಲೆಲ್ಲ ಹತ್ತುತ್ತಾಳೆ. ಒಂದು ದಿನ ನಾನು ಬಾಗಿಲು ತೆಗೆದಾಗ ನೆಲದ ಮೇಲೆ ಬಿದ್ದಿರುತ್ತಾಳೆ. ಈ ಸಲ ಕೈಗೆ ಮುಗಿಯುವುದಿಲ್ಲ.

ಬೆಕ್ಕಿಗೆ ಚೆಲ್ಲಾಟ, ಇಲ್ಲಿ ಪ್ರಾಣಸಂಕಟ.

ಫೆಬ್ರುವರಿ 6, ಗುರುವಾರ

ಸ್ಟೂಲನ್ನು ಸೈಕಲ್ ಕ್ಯಾರಿಯರ್‌ಗೆ ಕಟ್ಟಿ ಡ್ಯೂಟಿಗೇ ಒಯ್ದೆ. ಗೇಟಿನ ಸೆಕ್ಯುರಿಟಿ ನಕ್ಕ. “ಏನ್ರಿ ಅಯ್ಯಾರ, ಮಿಲ್ಲಿನ್ಯಾಗ ಕುಂಡ್ರಾಕ ಕುರ್ಚಿ ಸಿಗವಲ್ದೇನ್ರಿ?” ನಗಲಿ. ಇನ್ನು ದಿನಾ ಬರುತ್ತದೆ.

ಬರುವಾಗ ದನದ ಆಸ್ಪತ್ರೆಗೆ ಹೋದೆ. ಬೆಕ್ಕನ್ನು ಚೀಲದಲ್ಲಿ ತರುವ ಧೈರ್ಯವಿಲ್ಲ, ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ಡಾಕ್ಟರು ಒಂದು ಎಮ್ಮೆಗೂ ಇನ್ನೊಂದು ಎಮ್ಮೆಗೂ ನಡುವೆ ನೋಡಿದರು. ವಯಸ್ಸಿನ ಸಂಧಿವಾತವಂತೆ.

ತಿಜೋರಿಗೆ ಹತ್ತದ ಹಾಗೆ ಮುಚ್ಚಿಬಿಡಲೇ ಎಂದು ಕೇಳಿದೆ. “ಬ್ಯಾಡ್ರಿ. ಬೆಕ್ಕಿಗೆ ಧೈರ್ಯ ಎತ್ತರದಾಗ ಇರತೈತಿ. ಅದನ್ನ ಕಸಗೊಂಡ್ರ ಮೂಲಿ ಹಿಡೀತೈತಿ. ಮೆಟ್ಟಲ ಮಾಡ್ಸ್ರಿ. ಅಗಲ ಇರ್ಲಿ, ಒಂದರ ಹಂತ್ಯಾಕ ಒಂದು, ಜಾರಬಾರ್ದು. ಏರಾಕಲ್ಲ, ಇಳಿಯಾಕ. ಮತ್ತ ನೀವು ಎತ್ತಿ ಇಳಿಸೂದು ನಿಲ್ಲಸ್ರಿ. ಎಲ್ಲೀತನ ನೀವು ಇಳಿಸ್ತೀರಿ, ಅಲ್ಲೀತನ ಅದು ಕರೀತೈತಿ.”

ಮನೆಗೆ ಬಂದು ಹೇಳಿದೆ. ನೀಲಾ ಕೇಳಿದಳು, “ನಿಲ್ಲಸ್ತೀರೇನು?”

ಐದು ನಿಮಿಷ ತಡೆದೆ. ಆಮೇಲೆ ಇಳಿಸಿದೆ.

ಫೆಬ್ರುವರಿ 8, ಶನಿವಾರ

ಹಿಂದಿನ ಮನೆಯ ಪುಂಡಲೀಕ ಬಂದ. ಜೋಯಿಡಾ ಕಡೆಯ ಬಡಗಿ, ಮನೆಯಲ್ಲಿ ಕೊಂಕಣಿ. ಗೋಡೆಗೆ ನಾಲ್ಕು ಹಲಗೆ ಹೊಡೆದ, ಒಂದು ಎಡಕ್ಕೆ ಒಂದು ಬಲಕ್ಕೆ, ತಿಜೋರಿಯ ನೆತ್ತಿಯಿಂದ ಮಂಚದ ಮಟ್ಟಕ್ಕೆ. ಅಚ್ಚುಕಟ್ಟು ಕೆಲಸ.

“ಹಿಂಗೇ ಬಿಡೂದಾ ಅಯ್ಯಾನೂ, ಏನರ ಹಚ್ಚೂದಾ?”

ದಾಂಡೇಲಿಯಲ್ಲಿ ಮರವನ್ನು ಬರಿಮೈಯಲ್ಲಿ ಬಿಟ್ಟರೆ ದೀಪಾವಳಿಯೊಳಗೆ ಗೆದ್ದಲು ತಿಂದು ಕೈತೊಳೆದಿರುತ್ತದೆ. ಮನೆಯ ಚೌಕಟ್ಟು, ಮಂಚದ ಕಾಲು, ದೇವರ ಜಗಲಿಯ ಹಲಗೆ ಎಲ್ಲಕ್ಕೂ ಗೇರೆಣ್ಣೆ ಕುಡಿಸಿದವನು ನಾನು. ಗೇರುಬೀಜದ ಸಿಪ್ಪೆಯ ಕರಿ ಎಣ್ಣೆ. ಒಂದು ಡಬ್ಬಿ ಯಾವಾಗಲೂ ಇರುತ್ತದೆ. “ಎರಡು ಕೈ ಹೊಡಿ,” ಅಂದೆ.

ಕರ್ರಗೆ ಮಿಂಚುತ್ತಿವೆ ನಾಲ್ಕೂ. ಬಹಳ ದಿನಗಳ ಮೇಲೆ ಒಂದು ಕೆಲಸ ಮುಗಿಯಿತು ಅನ್ನಿಸಿತು.

ಫೆಬ್ರುವರಿ 9, ರವಿವಾರ. ರಾತ್ರಿ ಊಟ ಇಲ್ಲ

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ.

ಮಧ್ಯಾಹ್ನ ಉಳವಿ ಜಾತ್ರೆಗೆ ಹೋಗುವ ಚಕ್ಕಡಿಗಳು ಬಂದವು. ಎತ್ತಿನ ಕೊರಳ ಗಂಟೆ, ಹರಹರ ಎಂಬ ಕೂಗು. ಗೌಡಶಾನಿ ಹೆದರಿ ಹೊಸ ಮೆಟ್ಟಿಲ ಮೇಲೆಯೇ ಓಡಿ ಹತ್ತಿತು. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು, ಅಂದರೆ ನಾನು ತಟ್ಟಿದೆ, ನೀಲಾ ಎಡಗೈಯಿಂದ ತೊಡೆ ತಟ್ಟಿದಳು.

ಎಣ್ಣೆ ಒಣಗಿರಲಿಲ್ಲ. ಮೇಲೆ ಕೂತು ಅಂಗಾಲು ನೆಕ್ಕಿಕೊಂಡಿದೆ. ಸಂಜೆಗೆ ಬಾಯಲ್ಲಿ ನೊರೆ. ಅಂಗಾಲು ಕೆಂಪಗೆ, ಬೊಬ್ಬೆ. ಗೇರೆಣ್ಣೆ ಹಸಿಯಿದ್ದಾಗ ನಮ್ಮ ಕೈಯನ್ನೂ ಸುಡುತ್ತದೆ — ಗೊತ್ತಿದ್ದದ್ದೇ, ಪ್ರತಿ ಸಲ ಬಟ್ಟೆ ಸುತ್ತಿಕೊಂಡೇ ಹಚ್ಚುತ್ತೇನೆ. ಬೆಕ್ಕಿನ ಕಾಲಿಗೆ ಬಟ್ಟೆ ಇಲ್ಲ ಎಂಬುದು ಹೊಳೆಯಲಿಲ್ಲ.

ಆಟೋದಲ್ಲಿ ಡಾಕ್ಟರ ಮನೆಗೆ. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಸಾಬೂನು ಹಚ್ಚಿ ತೊಳೆದು, ಮತ್ತೆ ಕೊಬ್ಬರಿ ಎಣ್ಣೆ. ಎರಡು ಇಂಜೆಕ್ಷನ್. “ಬೆಕ್ಕಿಗೆ ಯಾರರ ಗೇರೆಣ್ಣಿ ಹಚ್ತಾರೇನ್ರಿ?”

“ಬೆಕ್ಕಿಗಲ್ರಿ ಸರ... ಹಲಗಿಗೆ.”

ನೀಲಾ ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ಮನೆಯಲ್ಲೂ ಇಲ್ಲ.

ಫೆಬ್ರುವರಿ 12, ಬುಧವಾರ. ಹುಣ್ಣಿಮೆ

ಪ್ರತಿ ವರ್ಷ ಇವತ್ತು ಉಳವಿಯಲ್ಲಿರುತ್ತಿದ್ದೆ. ಈ ಸಲ ಬೆಕ್ಕಿನ ಅಂಗಾಲಿಗೆ ಮುಲಾಮು ಹಚ್ಚಿದೆ, ಬೆಳಿಗ್ಗೆ ಮತ್ತು ಸಂಜೆ. ಉಂಡು ಚೇತರಿಸಿಕೊಳ್ಳುತ್ತಿದೆ. ನನ್ನ ಕೈಗೆ ಸಿಕ್ಕಾಗಲೆಲ್ಲ ಪರಚುತ್ತದೆ, ಅದಕ್ಕೆ ಹಕ್ಕಿದೆ.

ಮುಂಡಗೋಡದಿಂದ ಮಗಳು ಪೂರ್ಣಿಮಾ ಫೋನ್ ಮಾಡಿದಳು. ಸ್ಟೂಲಿನ ಸಂಗತಿ ಯಾರೋ ಹೇಳಿದ್ದಾರೆ. “ಅಪ್ಪಾ, ಅವ್ವ ಇನ್ನೊಮ್ಮೆ ಬಿದ್ರ ಏನ್ ಮಾಡ್ತಿ? ಆ ಬೆಕ್ಕನ್ನ ನಾ ಒಯ್ತೇನಿ. ನಮ್ಮ ಗೋದಾಮಿನ್ಯಾಗ ಇರ್ಲಿ, ಇಲಿ ಹಿಡೀಲಿ.”

ಹನ್ನೆರಡು ವರ್ಷ ಹಾಲು-ಅನ್ನ ತಿಂದು ಮಂಚದಲ್ಲಿ ಮಲಗಿದ ಬೆಕ್ಕು. ಗೋದಾಮಿನಲ್ಲಿ ಇಲಿಯೇ ಇದನ್ನು ಹಿಡಿದೀತು.

ಆದರೂ ದಣಿದಿದ್ದೆ. ತೀರ ದಣಿದಿದ್ದೆ. ಇಪ್ಪತ್ಮೂರನೇ ತಾರೀಕು ರವಿವಾರ ಬಾ ಅಂದೆ. ಅಷ್ಟರೊಳಗೆ ತಾನಾಗಿ ಇಳಿಯಲು ಕಲಿತರೆ ಸರಿ, ಇಲ್ಲದಿದ್ದರೆ ಒಯ್ಯಿ ಅಂದೆ.

ಫೋನ್ ಇಟ್ಟು ತಿರುಗಿದರೆ ನೀಲಾ ಬಾಗಿಲಲ್ಲಿ. ಮೂರು ದಿನದ ಮೌನ ಮುರಿಯಿತು.

“ಕೊಟ್ರೇನು ಮಾತು?”

“ನಿನ್ನ ಸಲುವಾಗಿ ಕೊಟ್ಟೇನಿ.”

“ನನ್ನ ಕೇಳಿ ಕೊಟ್ರೇನು?”

ಫೆಬ್ರುವರಿ 15, ಶನಿವಾರ

ಪುಂಡಲೀಕ ಹಲಗೆಗಳನ್ನು ಬಿಚ್ಚಿ ಒಯ್ದು ಬೇರೆ ಹಲಗೆ ತಂದು ಹೊಡೆದ. ಎಣ್ಣೆಯ ಮಾತೇ ಎತ್ತಲಿಲ್ಲ. ಆದರೆ ಹೊಸ ಹಲಗೆ ರಂದಾ ಹೊಡೆದು ಹೆರೆದದ್ದು, ನುಣುಪು. ಗೌಡಶಾನಿ ತಿಜೋರಿಯಿಂದ ಮುಂಗಾಲೊಂದನ್ನು ಇಟ್ಟಿತು, ಜಾರಿತು, ಹಿಂದೆಗೆದುಕೊಂಡಿತು. ಅಳು.

ಗೋಣಿತಟ್ಟು ಹಾಸೋಣ ಅಂದೆ. “ಅದು ಚುಚ್ಚತೈತಿ. ಕಾಲು ಇನ್ನೂ ಹಸೀ ಅದಾವು,” ಅಂದಳು ನೀಲಾ. ಒಳಗೆ ಹೋಗಿ ಕೌದಿ ಎಳೆದುಕೊಂಡು ಬಂದಳು. ಅವಳ ಅವ್ವ ಹಳೇ ಸೀರೆಗಳನ್ನು ಕೂಡಿಸಿ ಹೊಲಿದು ಮದುವೆಯಲ್ಲಿ ಕೊಟ್ಟದ್ದು. ಕತ್ತರಿಯನ್ನು ನನ್ನ ಕೈಗೆ ಕೊಟ್ಟಳು.

“ತವರಿನ ಕೌದಿ, ನೀಲಾ.”

“ಹಾಸಾಕ ಹೊಲದದ್ದು. ಪೂಜಾ ಮಾಡಾಕಲ್ಲ. ಕತ್ತರಸ್ರಿ.”

ಕತ್ತರಿಸಿದೆ. ಒಂದು ಮೂಲೆಯಲ್ಲಿ ಪದರಗಳ ನಡುವಿನಿಂದ ಏನೋ ಪುಡಿಪುಡಿಯಾಗಿ ಉದುರಿತು. ಅವಳವ್ವ ಇಟ್ಟ ಹೋಳಿಗೆಯ ಚೂರು. ನಮ್ಮ ಕಡೆ ಕೌದಿ ಮುಗಿಸುವಾಗ ಕೊನೆಯ ಮೂಲೆ ಹೊಲಿಯುವ ಮುಂಚೆ ಒಳಗೆ ಒಂದು ತುತ್ತು ಇಡುತ್ತಾರೆ, ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ. ಹಸಿದ ಕೌದಿ ಹೊದ್ದರೆ ನಿದ್ದೆ ಹತ್ತುವುದಿಲ್ಲವಂತೆ. ನೀಲಾ ಆ ಪುಡಿಯನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು.

ಆಮೇಲೆ ಹೊಲಿಗೆ. ಹೊಲಿಯುವವನು ನಾನು, ಬಯ್ಯುವವಳು ಅವಳು. “ಅದೇನ್ ಹೊಲಗಿನೋ, ಎತ್ತಿಗೆ ದಾವಣಿ ಕಟ್ಟಿದಂಗ!” ಬೆರಳಿಗೆ ಸೂಜಿ ಚುಚ್ಚಿದ್ದು ಎಷ್ಟು ಸಲವೋ. ಪ್ಲಾಸ್ಟರಿನಿಂದ ಹೊರಬಂದ ಬೆರಳುಗಳಲ್ಲಿ ಬಟ್ಟೆಯನ್ನು ಒತ್ತಿ ಹಿಡಿದಿದ್ದಳು.

ಮಾತಾಡುತ್ತಿದ್ದಾಳೆ. ಅಷ್ಟು ಸಾಕು.

ಫೆಬ್ರುವರಿ 16, ರವಿವಾರ

ನಾಲ್ಕು ತುಂಡುಗಳು ನಾಲ್ಕು ಮೆಟ್ಟಿಲಿಗೆ. ಪ್ರತಿಯೊಂದರ ಹೊಟ್ಟೆಯೂ ತುಂಬಬೇಕೆಂದು ನೀಲಾಳ ಹಟ. “ನಾಕು ಮಾಡಿದ ಮ್ಯಾಲ ನಾಕೂ ಉಣ್ಣಬೇಕಲ್ಲ.” ಖಾನಾವಳಿಯಿಂದ ಹೋಳಿಗೆ ತಂದೆ. ತುಪ್ಪ ಸವರಿ, ಮೂಲೆಯಲ್ಲಿ ಚೂರು ಇಟ್ಟೆ. ತುಪ್ಪದ ವಾಸನೆಗೆ ಇಳಿದರೂ ಇಳಿದೀತು ಎಂದು ಮೂಲೆಯನ್ನು ಸಡಿಲವಾಗಿ ಬಿಟ್ಟೆ. ಡಾಕ್ಟರರೂ ತಿನಿಸು ತೋರಿಸಿ ಕಲಿಸಿ ಅಂದಿದ್ದರು.

ಗೌಡಶಾನಿ ಕತ್ತು ಚಾಚಿ ಮೂಸಿತು. ಮುಖ ತಿರುಗಿಸಿತು. ಬೀಗರ ಮನೆಯಲ್ಲಿ ಉಪ್ಪಿಲ್ಲದ ಊಟ ಕಂಡವರ ಹಾಗೆ.

ಫೆಬ್ರುವರಿ 17, ಸೋಮವಾರ. ಡ್ಯೂಟಿಗೆ ಹೊರಡುವ ಮುಂಚೆ

ನೀಲಾ ನನ್ನ ಮುಖ ನೋಡದೆ ಹೇಳಿದಳು, “ಕೌದಿ ಮ್ಯಾಲ ಮಲಗಾಕಿ ಆಕಿ. ಆಕಿ ಉಣ್ಣೂದನ್ನ ಹಾಕ್ಬೇಕು.”

“ಹಾಲಿನ ಕೆನಿ ಹಾಕೂಣು.”

“ಕೆನಿ ಹೊಲ್ಯಾಕ ಬರತೈತೇನ್ರಿ?”

ಏನು ಹಾಕಬೇಕೆಂದು ಇಬ್ಬರಿಗೂ ಗೊತ್ತು. ಪುಂಡಲೀಕನ ಮನೆಯಲ್ಲಿ ಒಣ ಸಿಗಡಿ ಹುರಿದ ದಿನ ಗೌಡಶಾನಿ ಹಿಂದಿನ ಕಿಟಕಿಗೆ ಅಂಟಿಕೊಂಡು ಹುಚ್ಚಾಗುತ್ತದೆ. ನಾನೋ ಜಂಗಮ, ಜನ ದಾರಿಯಲ್ಲಿ ಕಾಲು ಮುಟ್ಟುತ್ತಾರೆ. ಜಗಲಿಯಲ್ಲಿ ದೇವರು, ಕೊರಳಲ್ಲಿ ಲಿಂಗ. ನಮ್ಮ ಏಳು ತಲೆಮಾರಿನಲ್ಲಿ ಯಾವ ಮನೆಯ ಹೊಸ್ತಿಲೂ ಮೀನು ಕಂಡಿಲ್ಲ.

ನಲವತ್ತು ವರ್ಷಕ್ಕೆ ಹತ್ತಿರವಾಯಿತು ಮದುವೆಯಾಗಿ. ನೀಲಾ ನನ್ನನ್ನು ಏನನ್ನೂ ಕೇಳಿದವಳಲ್ಲ. ಇದನ್ನೂ ಕೇಳಲಿಲ್ಲ, ನೋಡಿ.

ಸ್ಟೂಲು ಕಟ್ಟಿಕೊಂಡು ಹೊರಟೆ.

ಫೆಬ್ರುವರಿ 19, ಬುಧವಾರ

ಹೋದೆ. ಬಜಾರಿನ ಹಿಂದಿನ ಮೀನಿನ ಸಾಲು. ಲಿಂಗವನ್ನು ಅಂಗಿಯೊಳಗೆ ಸೇರಿಸಿ, ಗುಂಡಿ ಕತ್ತಿನವರೆಗೆ ಹಾಕಿ, ಟೋಪಿ. ಕಳ್ಳನಿಗೂ ಇಷ್ಟು ತಯಾರಿ ಬೇಡ.

ಪೊಟ್ಟಣ ಕೈಗೆ ಬಂತು. ತಿರುಗಿದೆ. ಎದುರಿಗೆ ಸತ್ತೆವ್ವ! ಹಳಿಯಾಳ ಕಡೆಯವಳು, ಪ್ರತಿ ವರ್ಷ ಉಳವಿಗೆ ಹೋಗುವಾಗ ನಮ್ಮ ಮನೆಗೆ ಬಂದು ವಿಭೂತಿ ಇಸಿದುಕೊಂಡು ಹೋಗುವ ಮುದುಕಿ. ಉಳವಿಯಿಂದ ಮರಳುವ ದಾರಿಯಲ್ಲಿ ನೆಂಟರ ಮನೆಯಲ್ಲಿ ಉಳಿದಿದ್ದಾಳಂತೆ. “ಅಯ್ಯಾರ!” ಎಂದವಳೇ ಆ ಸಾಲಿನ ನಡುವೆ, ಮೀನಿನ ನೀರು ಹರಿಯುವ ಜಾಗದಲ್ಲಿ, ಬಗ್ಗಿ ನನ್ನ ಕಾಲು ಮುಟ್ಟಿದಳು. ಪೊಟ್ಟಣ ಬೆನ್ನ ಹಿಂದೆ. ವಾಸನೆ ಎಲ್ಲಿ ಅಡಗಿಸಲಿ.

ಎದ್ದಳು. ನನ್ನ ಮುಖ ನೋಡಿದಳು. ಬೆನ್ನ ಹಿಂದಿನ ಕೈ ನೋಡಿದಳು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

“ಮನ್ಯಾಗ ಬೆಕ್ಕು ಐತೇನ್ರಿ ಅಯ್ಯಾರ?”

“ಐತವ್ವಾ. ಮುದುಕಿ ಆಗೇತಿ.”

“ನಂದೂ ಒಂದು ಇತ್ರಿ. ಸಣ್ಣ ಸಿಗಡಿ ತಗೋಬೇಕಿತ್ರಿ, ಇವು ಹಲ್ಲಿಗೆ ಬಿರಸಾಗ್ತಾವು.”

ಅಷ್ಟೇ. ಹೋದಳು. ಸಾಲು ದಾಟಿ ಸೈಕಲ್ ಹಿಡಿದು ನಿಂತೆ. ಕಣ್ಣು ತುಂಬಿದವು, ಯಾಕೋ ಗೊತ್ತಿಲ್ಲ. ಮತ್ತೆ ಸಾಲಿನೊಳಗೆ ಹೋಗಿ ಸಣ್ಣವು ಬದಲಿಸಿಕೊಂಡು ಬಂದೆ.

ಫೆಬ್ರುವರಿ 20, ಗುರುವಾರ

ಪೊಟ್ಟಣ ಹಿತ್ತಲಿನ ಬಚ್ಚಲಗೋಡೆಯ ಮೇಲೆ ಡಬ್ಬಿಯಲ್ಲಿ. ಹೊಲಿಗೆಯೂ ಅಲ್ಲೇ. ಆಮೇಲೆ ಸ್ನಾನ, ಆಮೇಲೆ ಪೂಜೆ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತೆ. ತಪ್ಪಾಯಿತು ಅನ್ನೋಣ ಅಂದುಕೊಂಡೆ. ತಪ್ಪು ಅನ್ನಿಸಲಿಲ್ಲ.

ಗೌಡಶಾನಿ ಒಂದು ಮೆಟ್ಟಿಲು ಇಳಿಯಿತು! ಮೂಲೆ ಕಿತ್ತು ಸಿಗಡಿ ತಿಂದಿತು. ಹಿಂದಿರುಗಿ ಮೇಲಕ್ಕೆ ಹೋಗಿ ಮಲಗಿತು.

ಮತ್ತೆ ಹೊಲಿದೆ.

ಫೆಬ್ರುವರಿ 21, ಶುಕ್ರವಾರ

ಎರಡು ಮೆಟ್ಟಿಲು. ಮೂರನೆಯದಕ್ಕೆ ಮುಂಗಾಲಿಟ್ಟು ನಿಂತಿತು. ಅಳುತ್ತಿತ್ತು. ನೀಲಾ ಎದ್ದಳು, ನಾನು ಭುಜ ಹಿಡಿದು ಕೂರಿಸಿದೆ. ಮತ್ತೆ ಎದ್ದಳು.

“ಕುಂಡ್ರು, ನೀಲಾ.”

“ಅಳಾಕತ್ತಾಳ್ರೀ.”

“ಅಳಲಿ. ಕುಂಡ್ರು.”

ನನ್ನನ್ನು ಕಟುಕನ ಹಾಗೆ ನೋಡಿದಳು. ಬೆಕ್ಕು ಹಿಂದಕ್ಕೆ, ಮೇಲಕ್ಕೆ.

ಫೆಬ್ರುವರಿ 22, ಶನಿವಾರ. ಸಂಜೆ

ರಿಲೀವರ್ ಬರುವುದಿಲ್ಲವಂತೆ, ರಾತ್ರಿಯ ಮೂರನೇ ಪಾಳಿ ನನ್ನದೇ. ಇವತ್ತೇ ಆಗಬೇಕಿತ್ತೇ. ನಾಳೆ ಪೂರ್ಣಿಮಾ ಬರುತ್ತಾಳೆ.

ಮೇಲಿನ ಮೂರಕ್ಕೆ ಹೊಟ್ಟೆ ತುಂಬಿಸಿದೆ. ಸಿಗಡಿ ಮುಗಿಯಿತು. ಕೆಳಗಿನದು ಖಾಲಿ. ಇರಲಿ, ಅಲ್ಲಿಯವರೆಗೆ ಬಂದರೆ ತಾನೆ.

ನೀಲಾಳಿಂದ ಆಣೆ ಮಾಡಿಸಿಕೊಳ್ಳೋಣ ಅಂದುಕೊಂಡೆ. ಮಾಡಿಸಲಿಲ್ಲ. ಆಣೆ ಮುರಿದು ಹತ್ತಿದರೆ ಆ ಪಾಪವೂ ಅವಳ ತಲೆಗೆ. ಸ್ಟೂಲು ಮಾತ್ರ ಕಟ್ಟಿಕೊಂಡೆ.

ಫೆಬ್ರುವರಿ 23, ರವಿವಾರ. ಬೆಳಿಗ್ಗೆ

ಬಾಗಿಲು ತೆಗೆದೆ. ಮೊದಲು ಕಂಡದ್ದು ಜೋಳದ ದೊಡ್ಡ ಡಬ್ಬಿ. ಅಡುಗೆಮನೆಯಲ್ಲಿರಬೇಕಾದದ್ದು ತಿಜೋರಿಯ ಬುಡದಲ್ಲಿ. ನೆಲದ ಮೇಲೆ ಎಳೆದ ಗೆರೆ.

ನೀಲಾ ಅದರ ಮೇಲೆ ಕೂತಿದ್ದಳು. ಗೋಡೆಗೆ ತಲೆ ಆನಿಸಿ, ಎಚ್ಚರವಾಗಿ. ಪ್ಲಾಸ್ಟರ್ ಕೈ ಮಡಿಲಲ್ಲಿ.

“ಹತ್ತಿದ್ದೇನು?”

“ಹತ್ತಾಕಂತ ಎಳದೆ. ಒಂದು ಕಾಲೂ ಇಟ್ಟೆ. ಆಮ್ಯಾಲ ನೀವು ಸ್ಟೂಲ ಕಟ್ಕೊಂಡು ಹೋಗೂದು ಕಣ್ಣಿಗೆ ಬಂತು. ನಗಿ ಬಂತು. ಕುಂತೆ.”

“ಬೆಕ್ಕು?”

“ಎರಡಕ್ಕ ಬಂದ್ಲು, ಸಿಗಡಿ ಮುಟ್ಟಲಿಲ್ಲ. ಅತ್ಲು. ನಾನೂ ಅತ್ತೆ. ಮ್ಯಾಲ ಹೋದ್ಲು.”

ಇವಳನ್ನು ಏನು ಮಾಡಲಿ. ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಅದೇ ದಿನ, 11 ಗಂಟೆ

ಪೂರ್ಣಿಮಾ ಬಂದಿದ್ದಾಳೆ. ಕೈಯಲ್ಲಿ ಮುಚ್ಚಳದ ಬುಟ್ಟಿ. ಗೌಡಶಾನಿ ತಿಜೋರಿಯ ಮೇಲೆ, ಅಂಚಿನಲ್ಲಿ, ಅಳುತ್ತಿದೆ.

“ಇಳಸು ಅಪ್ಪಾ, ಹೊರಡೂಣು,” ಅಂದಳು. ನಾನು ಈ ಡೈರಿ ತೆಗೆದು ಕೂತೆ.

ನೀಲಾ ಡಬ್ಬಿ ಬಿಟ್ಟು ಏಳಲಿಲ್ಲ. “ಬುಟ್ಟಿ ಹೊರಗ ಇಡು. ನೀನೂ ಕುಂಡ್ರು. ಆಕಿ ಇಳೀತಾಳ.”

“ಅವ್ವಾ, ಇಳೀಲಿಲ್ಲಂದ್ರ?”

“ಒಯ್ಯಿ.”

ನೀಲಾಳ ಬಾಯಿಂದ ಬಂತು ಆ ಮಾತು. ಎಡಗೈಯಿಂದ ಡಬ್ಬಿಯ ಅಂಚು ಹಿಡಿದಿದ್ದಾಳೆ, ಗಿಣ್ಣು ಬೆಳ್ಳಗಾಗಿವೆ. ನಾನು ಎದ್ದು ಹೋಗಿ ಇಳಿಸಬಾರದೆಂದೇ ಇದನ್ನು ಹಿಡಿದು ಬರೆಯುತ್ತಿದ್ದೇನೆ. ಪೂರ್ಣಿಮಾ ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಎಂದು ನೋಡುತ್ತಿದ್ದಾಳೆ.

ಒಂದನೇ ಮೆಟ್ಟಿಲು. ಮೂಲೆ ಕಿತ್ತಿತು. ತಿಂದಿತು.

ಎರಡು. ತಿಂದಿತು. ನಿಂತಿದೆ. ಹಿಂದಕ್ಕೆ ನೋಡುತ್ತಿದೆ... ಅಳು. ನೀಲಾ ಕಣ್ಣು ಮುಚ್ಚಿಕೊಂಡಳು. ಕೂತೇ ಇದ್ದಾಳೆ.

ಮೂರು.

ಮೂರಕ್ಕೆ ಬಂತು! ತಿನ್ನುತ್ತಿದೆ. ಕೆಳಗಿನದು ಖಾಲಿ — ನಿನ್ನೆ ತುಂಬಿಸಲಿಲ್ಲ, ಅದರಲ್ಲಿ ಏನೂ ಇಲ್ಲ. ಮೂಸುತ್ತಿದೆ. ಮೂಸಿ ತಲೆ ಎತ್ತಿತು. ಮೇಲಕ್ಕೆ ಹೋಗುತ್ತದೆ, ಖಂಡಿತ ಹೋಗುತ್ತದೆ. ನೀಲಾ ಕಣ್ಣು ತೆರೆದಳು. ಕರೆಯಲಿಲ್ಲ. ಕೈ ಚಾಚಲಿಲ್ಲ. ಮಡಿಲಿನಿಂದ ಪ್ಲಾಸ್ಟರ್ ಕೈಯನ್ನು ಪಕ್ಕಕ್ಕೆ ಸರಿಸಿದಳು, ಅಷ್ಟೇ, ಜಾಗ ಮಾಡಿ

ನಾಲ್ಕ